ಕಂಪೆನಿ ಮಾರಾಟವಾದರೆ ಕೆಲಸ ಏನಾಗುತ್ತದೆ ಎಂದು ಕೇಳಿದ ತಂಗಿಗೆ

ತಂಗೀ,

ನಿನ್ನ ಪತ್ರ ಓದಿದೆ. ಬದಿಯಡ್ಕದಿಂದ ಇಂಗ್ಲೆಂಡಿನ ನಾರ್ಥಾಂಪ್ಟನ್‌ಗೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ. ಅಷ್ಟರಲ್ಲೇ ನೀನು ಕೆಲಸ ಮಾಡುವ ಕಂಪೆನಿಯನ್ನು ಬೇರೆ ಯಾರೋ ಕೊಳ್ಳುತ್ತಾರೆ ಎಂಬ ಸುದ್ದಿ. ನಿಮ್ಮದು ರೇಸ್ ಕಾರುಗಳಿಗೆ ಕಾರ್ಬನ್ ಫೈಬರ್ ಭಾಗ ಮಾಡುವ ಕಂಪೆನಿ. ದೊಡ್ಡ ಗಿರಾಕಿ ಒಂದು ಫಾರ್ಮುಲಾ ಒನ್ ತಂಡ, ಆ ತಂಡದ ಮುಖ್ಯ ಸ್ಪಾನ್ಸರ್ ಕೂಡ ಬದಲಾಗುತ್ತಾರಂತೆ. ಶಾರ್ಜಾದಲ್ಲಿರುವ ಮಾವ "ಕಂಪೆನಿ ಕೈ ಬದಲಾಯಿತು ಅಂದರೆ ವೀಸಾ ಹೋಯಿತು ಅಂತಲೇ ಲೆಕ್ಕ, ಈಗಲೇ ಬೇರೆ ನೋಡು" ಅಂದಿದ್ದಾರೆ. ಅಪ್ಪ ತೋಟದ ಮೇಲೆ ಸಾಲ ತೆಗೆದು ಕಳಿಸಿದ್ದಾರೆ. "ಅಕ್ಕ, ನಾನು ಇಲ್ಲಿ ನಿಲ್ಲಬಹುದಾ?" ಅಂತ ಕೇಳಿದ್ದೀಯ.

ನಿಲ್ಲಬಹುದು. ಆದರೆ ಸುಮ್ನೆ ಧೈರ್ಯ ಹೇಳಿದರೆ ನಿನಗೆ ಉಪಯೋಗ ಇಲ್ಲ. ಈ ಊರುಗಳಲ್ಲಿ ಮಾರಾಟ ಅಂದರೆ ಏನಾಗುತ್ತದೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಾನು ಬಂದ ಮೇಲೆ ನನ್ನ ಸಂಬಳದ ಚೀಟಿಯ ಮೇಲಿನ ಹೆಸರು ಬದಲಾದದ್ದುಂಟು. ಕೂರುವ ಜಾಗ ಬದಲಾಗಲಿಲ್ಲ. ನಾನು ಕಂಡ ಮಟ್ಟಿಗೆ ದೊಡ್ಡ ಪೆಟ್ಟು ಬಿದ್ದದ್ದು ಮಾರಾಟ ಆದಾಗ ಅಲ್ಲ, ಕೊಳ್ಳುವವರೇ ಸಿಗದಿದ್ದಾಗ.

ನೀನೀಗ ಇರುವ ಊರಿಂದ ಬ್ರ್ಯಾಕ್ಲಿ ಏನೂ ದೂರ ಇಲ್ಲ. ಈಗ ಅಲ್ಲಿ ಮರ್ಸಿಡಿಸ್ ತಂಡ ಉಂಟು. ಅದರ ಬೇರು ಹುಡುಕಿದರೆ ಟಿರೆಲ್ ಎಂಬ ಹಳೆಯ ತಂಡ ಸಿಗುತ್ತದೆ. ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಎಂಬ ಸಿಗರೇಟ್ ಕಂಪೆನಿ ಅದನ್ನು ಕೊಂಡು 1999ರಿಂದ ಬಿಎಆರ್ ಹೆಸರಿನಲ್ಲಿ ಓಡಿಸಿತು. ಯುರೋಪಿನಲ್ಲಿ 2005ರಲ್ಲಿ ಸಿಗರೇಟ್ ಸ್ಪಾನ್ಸರ್‌ಶಿಪ್‌ಗೆ ತಡೆ ಬಿತ್ತು. ತಂಡ ಹೋಂಡಾ ಕೈಗೆ ಹೋಯಿತು. 2008ರ ಡಿಸೆಂಬರ್‌ನಲ್ಲಿ, ಎಲ್ಲೆಡೆ ಕಾರು ಮಾರಾಟ ಕುಸಿದಾಗ, ಹೋಂಡಾ ರೇಸಿಂಗ್ ಬಿಟ್ಟು ಹೊರಟಿತು. ಮುಂದಿನ ವರ್ಷದ ಕಾರು ಅರ್ಧ ತಯಾರಾಗಿತ್ತು. ತಂಡ ಉಳಿಯುತ್ತದಾ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ತಂಡದ ಮುಖ್ಯಸ್ಥ ರಾಸ್ ಬ್ರಾನ್ ಮತ್ತು ಜೊತೆಗಾರರು ಅದನ್ನು 1 ಪೌಂಡಿಗೆ ಕೊಂಡರು. 270ರಷ್ಟು ಜನರನ್ನು ಕೆಲಸದಿಂದ ತೆಗೆಯಬೇಕಾಯಿತು. ಸ್ಪಾನ್ಸರ್‌ಗಳು ಹೆಚ್ಚು ಇಲ್ಲದೆ ಬಹುಪಾಲು ಬಿಳಿಯಾಗಿಯೇ ಓಡಿದ ಆ ಕಾರು 2009ರಲ್ಲಿ ಚಾಲಕರ ಪಟ್ಟ, ತಂಡಗಳ ಪಟ್ಟ ಎರಡನ್ನೂ ಗೆದ್ದಿತು. ಅದೇ ನವೆಂಬರ್‌ನಲ್ಲಿ ಮರ್ಸಿಡಿಸ್ ಬಂತು. 2014ರಿಂದ 2021ರ ತನಕ ಎಂಟು ವರ್ಷ ಒಂದೇ ಸಮ ತಂಡಗಳ ಪಟ್ಟ ಅದೇ ಕಟ್ಟಡಕ್ಕೆ ಸಿಕ್ಕಿತು.

ಎಲ್ಲರೂ ಇದನ್ನು ಚಂದದ ಕತೆ ಅಂತ ಹೇಳುತ್ತಾರೆ. ನನಗೆ ಆ 270 ಜನರೇ ನೆನಪಾಗುವುದು. ಗೆದ್ದ ಕಾರಿಗೆ ಕೈ ಹಚ್ಚಿದವರಲ್ಲಿ ಎಷ್ಟೋ ಮಂದಿ ಅದು ಗೆಲ್ಲುವಾಗ ಮನೆಯಲ್ಲಿದ್ದರು. ಇದು ಇವತ್ತಿಗೂ ನನಗೆ ಸಂಕಟದ ವಿಷಯ.

ನಮ್ಮ ಕಡೆ ಬ್ಯಾಂಕುಗಳಿಗೆ ಆದದ್ದನ್ನು ನೆನಪು ಮಾಡಿಕೋ. 2019ರಲ್ಲಿ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಬೋರ್ಡು ಬೇರೆ, ಪಾಸ್‌ಬುಕ್ ಬೇರೆ, ಕೌಂಟರಿನ ಹಿಂದೆ ಮಾತ್ರ ಅದೇ ಮುಖಗಳು. ಆದರೆ ಒಂದೇ ಪೇಟೆಯಲ್ಲಿ ಎರಡು ಶಾಖೆ ಆದ ಕಡೆ ಒಂದಕ್ಕೆ ಬೀಗ ಬಿತ್ತು. ನೀನೂ ಅದನ್ನೇ ನೋಡಬೇಕು. ಕೊಳ್ಳುವವರ ಹತ್ತಿರ ನಿನ್ನಂಥ ವಿಭಾಗ ಆಗಲೇ ಇನ್ನೊಂದು ಉಂಟಾ? ಲೆಕ್ಕಪತ್ರ, ನೇಮಕಾತಿ, ಖರೀದಿ, ಪ್ರಚಾರ ಇವು ಸಾಮಾನ್ಯವಾಗಿ ಎರಡೆರಡಾಗುತ್ತವೆ, ಅಲ್ಲಿಯೇ ಮೊದಲು ಕತ್ತರಿ ಬೀಳುತ್ತದೆ. ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಕೂರಿಸುವ ಲ್ಯಾಮಿನೇಟರ್‌ಗಳು, ಅದನ್ನು ಗಟ್ಟಿ ಮಾಡುವ ಆಟೊಕ್ಲೇವ್ ಎಂಬ ಒತ್ತಡದ ಒಲೆ ನಡೆಸುವವರು, ನಿನ್ನ ಹಾಗೆ ಭಾಗದ ಬಲ ಲೆಕ್ಕ ಹಾಕುವವರು ಸುಲಭಕ್ಕೆ ಸಿಗುವುದಿಲ್ಲ. ಕೊಳ್ಳುವವರು ದುಡ್ಡು ಕೊಡುವುದೇ ಆ ಕೈಗಳಿಗೆ.

ಸ್ಪಾನ್ಸರ್ ವಿಷಯಕ್ಕೆ ಬರುತ್ತೇನೆ. ಇದಕ್ಕೆ ನಮಗೆ ಹತ್ತಿರದ ಉದಾಹರಣೆಯೇ ಉಂಟು. ಬಂಟ್ವಾಳ ಮೂಲದ ಮನೆತನದ ವಿಜಯ್ ಮಲ್ಯ 2007ರಲ್ಲಿ ಸಿಲ್ವರ್‌ಸ್ಟೋನ್‌ನ ಸ್ಪೈಕರ್ ತಂಡವನ್ನು ಪಾಲುದಾರರ ಜೊತೆ ಕೊಂಡು ಫೋರ್ಸ್ ಇಂಡಿಯಾ ಅಂತ ಹೆಸರಿಟ್ಟರು. ಅದು ಮೊದಲು ಜೋರ್ಡನ್, ಆಮೇಲೆ ಮಿಡ್‌ಲ್ಯಾಂಡ್ ಆಗಿದ್ದ ತಂಡ. ನಮ್ಮ ನರೇನ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದ್ದು ಇದೇ ಜೋರ್ಡನ್ ಕಾರನ್ನು. ಫೋರ್ಸ್ ಇಂಡಿಯಾ ಕಾರಿನ ಮೇಲೆ ಕಿಂಗ್‌ಫಿಷರ್ ಇತ್ತು, ಮಲ್ಯ ಅವರ ಯುನೈಟೆಡ್ ಸ್ಪಿರಿಟ್ಸ್ ಕೊಂಡಿದ್ದ ಸ್ಕಾಟ್ಲೆಂಡಿನ ವೈಟ್ ಆಂಡ್ ಮ್ಯಾಕೆ ವಿಸ್ಕಿ ಇತ್ತು. 2011ರಲ್ಲಿ ಸಹಾರಾ 42.5 ಶೇಕಡಾ ಪಾಲು ತೆಗೆದುಕೊಂಡು ತನ್ನ ಹೆಸರು ಸೇರಿಸಿತು.

ಈಗ ನೋಡು. 2012ರಲ್ಲಿ ಲಂಡನ್ನಿನ ಹೆಂಡದ ಕಂಪೆನಿ ಡಿಯಾಜಿಯೊ ಯುನೈಟೆಡ್ ಸ್ಪಿರಿಟ್ಸ್‌ಗೆ ಕೈ ಹಾಕಿತು. 2014ರ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಪಾಲು ಅದರದ್ದು. ಒಬ್ಬರ ಕೈಯಲ್ಲೇ ಅಷ್ಟು ಸ್ಕಾಚ್ ಇರುವುದಕ್ಕೆ ಮಾರುಕಟ್ಟೆಯ ಸ್ಪರ್ಧೆ ನೋಡಿಕೊಳ್ಳುವ ಬ್ರಿಟನ್ನಿನ ಅಧಿಕಾರಿಗಳು ಒಪ್ಪಲಿಲ್ಲ. ವೈಟ್ ಆಂಡ್ ಮ್ಯಾಕೆಯನ್ನು ಫಿಲಿಪೀನ್ಸಿನ ಎಂಪೆರಡಾರ್‌ಗೆ 43 ಕೋಟಿ ಪೌಂಡಿಗೆ ಮಾರಬೇಕಾಯಿತು. ಅದೇ 2014ರಲ್ಲಿ ಫೋರ್ಸ್ ಇಂಡಿಯಾ ಕಾರಿನ ಮೇಲೆ ಡಿಯಾಜಿಯೊದ ಸ್ಮಿರ್ನಾಫ್ ವೋಡ್ಕಾ ಕಾಣಿಸಿಕೊಂಡಿತು. ಬೆಂಗಳೂರಿನ ಒಂದು ಹೆಂಡದ ಕಂಪೆನಿ ಕೈ ಬದಲಾದದ್ದಕ್ಕೆ ಸಿಲ್ವರ್‌ಸ್ಟೋನ್‌ನಲ್ಲಿ ಪೇಂಟ್ ಮಾಡುವವರ ಕೆಲಸದ ಪಟ್ಟಿ ಬದಲಾಗುತ್ತದೆ! ಕಿಂಗ್‌ಫಿಷರ್ ಬಿಯರ್ ಮಾಡುವ ಯುನೈಟೆಡ್ ಬ್ರೂವರೀಸ್ ಕೂಡ 2021ರಲ್ಲಿ ಹೈನೆಕೆನ್ ಹಿಡಿತಕ್ಕೆ ಹೋಯಿತು. ಹೈನೆಕೆನ್ ಅಷ್ಟರಲ್ಲೇ ಇಡೀ ಫಾರ್ಮುಲಾ ಒನ್‌ಗೇ ಸ್ಪಾನ್ಸರ್ ಆಗಿತ್ತು.

ಮಾಲೀಕರೇ ಸ್ಪಾನ್ಸರ್ ಆಗಿರುವ ತಂಡದಲ್ಲಿ ಅಪಾಯ ಇಲ್ಲಿ ಇರುತ್ತದೆ. ಮನೆಯ ಕಷ್ಟ ನೇರ ಕಾರ್ಖಾನೆಗೆ ಬರುತ್ತದೆ. ಮಲ್ಯ, ಸಹಾರಾ ಇಬ್ಬರೂ ಭಾರತದಲ್ಲಿ ಸಾಲ, ಕೋರ್ಟು ಅಂತ ಸಿಕ್ಕಿಹಾಕಿಕೊಂಡರು. ತಂಡ 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. ಆದರೂ ಕೈಯಲ್ಲಿ ದುಡ್ಡಿರಲಿಲ್ಲ. 2018ರ ಜುಲೈಯಲ್ಲಿ, ಅದರ ಚಾಲಕ ಸೆರ್ಜಿಯೊ ಪೆರೆಜ್ ಅವರ ಅರ್ಜಿಯ ಮೇಲೆ, ಕೋರ್ಟು ಆಡಳಿತಾಧಿಕಾರಿಗಳನ್ನು ಹಾಕಿತು. ಕೆಲವೇ ವಾರಗಳಲ್ಲಿ ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಅವರ ಗುಂಪು ಕೊಂಡಿತು. 405 ಜನರ ಕೆಲಸ ಉಳಿಯಿತು. ಆ ತಂಡ ಇವತ್ತು ಆಸ್ಟನ್ ಮಾರ್ಟಿನ್. 2023ರಲ್ಲಿ ಹೊಸ ಕಾರ್ಖಾನೆ ಬಂತು, ಜನವೂ ತುಂಬ ಜಾಸ್ತಿ ಆದರು. ಮಾರಾಟ ಆಗಿರದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸು.

ಹೊರಗಿನ ಸ್ಪಾನ್ಸರ್ ಆದರೆ ಅಷ್ಟು ಭಯ ಬೇಡ. 2002ರಲ್ಲಿ ಕಂಪ್ಯೂಟರ್ ಮಾಡುವ ಎಚ್‌ಪಿ ಕಾಂಪ್ಯಾಕ್ ಅನ್ನು ಕೊಂಡಾಗ ವಿಲಿಯಮ್ಸ್ ತಂಡದ ಕಾರಿನ ಮೇಲೆ ಕಾಂಪ್ಯಾಕ್ ಅಳಿಸಿ ಎಚ್‌ಪಿ ಬರೆದರು, ಅಷ್ಟೇ. ಆದರೆ ಅದೇ ವಿಲಿಯಮ್ಸ್‌ಗೆ ದುಡ್ಡು ಕೊಡುತ್ತಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಪಾಲುದಾರರ ಜೊತೆ 2007ರಲ್ಲಿ ಡಚ್ ಬ್ಯಾಂಕ್ ಎಬಿಎನ್ ಆಮ್ರೊವನ್ನು ಕೊಂಡಿತು. ಮರು ವರ್ಷವೇ ಸರ್ಕಾರ ಕೈ ಹಿಡಿದು ಎತ್ತಬೇಕಾಯಿತು, 2010ಕ್ಕೆ ಸ್ಪಾನ್ಸರ್‌ಶಿಪ್ ಮುಗಿಯಿತು. ಇಂಥಾ ಹೊತ್ತಿನಲ್ಲಿ ಮೊದಲು ಕಷ್ಟಕ್ಕೆ ಬೀಳುವವರು ಅತಿಥಿಗಳನ್ನು ನೋಡಿಕೊಳ್ಳುವವರು, ಸ್ಪಾನ್ಸರ್‌ಗಳ ಜೊತೆ ಮಾತಾಡುವ ವಿಭಾಗದವರು. ಆಮೇಲೆ ಹೊರಗುತ್ತಿಗೆ ಕೆಲಸಗಾರರು.

ಕೊಳ್ಳುವವರು ಸಿಗದಿದ್ದರೆ ಏನು ಅಂತ ನೋಡಬೇಕಾದರೆ ಬ್ಯಾನ್ಬರಿಯ ಮ್ಯಾನರ್ ತಂಡ ಸಾಕು. 2016ರ ಬ್ರೆಜಿಲ್ ರೇಸಿನಲ್ಲಿ ಸೌಬರ್ ತಂಡದ ಫೆಲಿಪೆ ನಾಸರ್ ಒಂಬತ್ತನೆಯವರಾಗಿ 2 ಅಂಕ ತೆಗೆದರು. ಮ್ಯಾನರ್ ಹತ್ತನೇ ಸ್ಥಾನದಿಂದ ಕೊನೆಗೆ ಜಾರಿತು. ಬಹುಮಾನದ ದೊಡ್ಡ ಮೊತ್ತ ತಪ್ಪಿತು. ಅದನ್ನು ನಂಬಿ ಮುಂದೆ ಬಂದಿದ್ದ ಮಾರಾಟದ ಮಾತುಕತೆ ಒಂದೂ ಮುಗಿಯಲಿಲ್ಲ. 2017ರ ಜನವರಿಯಲ್ಲಿ ಬಾಗಿಲು ಹಾಕಿದಾಗ 212 ಜನ ಒಟ್ಟಿಗೇ ಹೊರಗೆ ಬಂದರು.

ಇವತ್ತಿನ ಪರಿಸ್ಥಿತಿ ಆಗಿನಷ್ಟು ಕೆಟ್ಟದಾಗಿ ಇಲ್ಲ. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಕಂಪೆನಿ ಇಡೀ ಫಾರ್ಮುಲಾ ಒನ್ ಅನ್ನು ಕೊಂಡಿತು. 2021ರಿಂದ ತಂಡದ ಖರ್ಚಿಗೆ ಮಿತಿ ಬಂತು, ಮೊದಲ ವರ್ಷ 14.5 ಕೋಟಿ ಡಾಲರ್. ಖರ್ಚು ಲೆಕ್ಕಕ್ಕೆ ಸಿಕ್ಕಿದ ಮೇಲೆ ಹೂಡಿಕೆದಾರರಿಗೆ ಧೈರ್ಯ ಬಂತು. 2020ರಲ್ಲಿ ವಿಲಿಯಮ್ಸ್ ಇಡೀ ತಂಡ 15.2 ಕೋಟಿ ಯೂರೊಗೆ ಮಾರಾಟವಾಗಿತ್ತು. 2023ರಲ್ಲಿ ಆಲ್ಪೀನ್ ಎಂಬ ತಂಡದ 24 ಶೇಕಡಾ ಪಾಲಿಗೇ 20 ಕೋಟಿ ಯೂರೊ ಸಿಕ್ಕಿತು. ಹಾಗಂತ ಎಲ್ಲರೂ ಸುಖವಾಗಿದ್ದಾರೆ ಅಂತ ಅಲ್ಲ. ಅದೇ ಆಲ್ಪೀನ್‌ನ ಮಾಲೀಕ ರೆನೋ 2024ರಲ್ಲಿ ಫ್ರಾನ್ಸಿನ ವಿರಿ ಶಾಟಿಯೋನ್‌ನಲ್ಲಿ ಫಾರ್ಮುಲಾ ಒನ್ ಎಂಜಿನ್ ಮಾಡುವುದನ್ನು ನಿಲ್ಲಿಸುತ್ತೇನೆ ಅಂತ ಹೇಳಿತು. 2026ರಿಂದ ಮರ್ಸಿಡಿಸ್ ಎಂಜಿನ್. ದಶಕಗಳ ಕೌಶಲ ಇದ್ದ ಜಾಗ ಅದು. ಬೆಲೆ ಏರಿದ ತಂಡದ ಒಳಗೂ ಒಂದು ಇಡೀ ವಿಭಾಗ ಹೀಗೆ ನಿಂತು ಹೋಗಬಹುದು.

ನೀನು ತಂಡದಲ್ಲಿ ಇಲ್ಲ, ತಂಡಕ್ಕೆ ಮಾಲು ಕೊಡುವ ಕಡೆ ಇದ್ದೀಯ. ಈ ವ್ಯತ್ಯಾಸವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ದೊಡ್ಡ ಹೆಸರು ಬಿದ್ದರೆ ಅದಕ್ಕೆ ಹೊಸ ಮಾಲೀಕರು ಹೇಗೋ ಸಿಗುತ್ತಾರೆ, ಬಾಕಿ ಬಿಲ್ಲು ಇದ್ದ ಸಣ್ಣ ಕಂಪೆನಿಗಳು ಕೈ ಸುಟ್ಟುಕೊಳ್ಳುತ್ತವೆ. ಆಸ್ಟ್ರಿಯಾದ ಬೈಕ್ ಕಂಪೆನಿ ಕೆಟಿಎಂ 2024ರ ನವೆಂಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಪುಣೆಯ ಬಜಾಜ್ ದುಡ್ಡು ಹಾಕಿ ಉಳಿಸಿತು, ಅದರ ಮೋಟೊಜಿಪಿ ಬೈಕ್ ರೇಸ್ ತಂಡವೂ ಓಡಿತು. ಆದರೆ ಸಾಲ ಕೊಟ್ಟವರು ಒಪ್ಪಿಕೊಳ್ಳಬೇಕಾದದ್ದು ಬಾಕಿಯ 30 ಶೇಕಡಾ ಮಾತ್ರ. ಆದ್ದರಿಂದ ನಿನ್ನ ಕಂಪೆನಿಯ ಆರ್ಡರ್‌ಗಳಲ್ಲಿ ಒಂದೇ ತಂಡದ್ದು ಎಷ್ಟು, ವಿಮಾನ ಕಂಪೆನಿಗಳದ್ದು, ಫಾರ್ಮುಲಾ ಇ ಎಂಬ ವಿದ್ಯುತ್ ಕಾರು ರೇಸಿನ ತಂಡಗಳದ್ದು ಎಷ್ಟು ಅಂತ ತಿಳಿದುಕೋ. ಕಾರ್ಖಾನೆಯಲ್ಲಿ ಹಳಬರು ಮಾತಾಡುವುದನ್ನು ಕೇಳಿದರೆ ಅರ್ಧ ಗೊತ್ತಾಗುತ್ತದೆ. ರಾಳ, ಕಾರ್ಬನ್ ಬಟ್ಟೆ ಕೊಡುವವರು ಮುಂಗಡ ಕೇಳಲು ಶುರು ಮಾಡಿದರೆ ಎಚ್ಚರ. ಚಳಿಗಾಲದಲ್ಲಿ, ಹೊಸ ಕಾರು ತಯಾರಾಗುವ ತಿಂಗಳುಗಳಲ್ಲೂ ಓವರ್‌ಟೈಮ್ ಇಲ್ಲ ಅಂದರೆ ಇನ್ನೂ ಎಚ್ಚರ.

ವೀಸಾ ಬಗ್ಗೆ ಮಾವ ಹೇಳಿದ್ದು ಅವರು ಕಂಡ ಊರಿನ ಮಾತು. ಇಲ್ಲಿ ಷೇರು ಕೊಂಡರೆ ಕಂಪೆನಿ ಅದೇ, ನಿನ್ನ ಕೆಲಸದ ಒಪ್ಪಂದವೂ ಅದೇ. ವ್ಯವಹಾರವನ್ನು ಮಾತ್ರ ಕೊಂಡರೆ 2006ರ ಕಾನೂನು ಉಂಟು, ಎಲ್ಲರೂ ಟ್ಯೂಪಿ ಅನ್ನುತ್ತಾರೆ. ಹಳೆ ಸಂಬಳ, ಹಳೆ ಷರತ್ತು, ಹಳೆ ಸೇವಾವಧಿ ಸಮೇತ ಹೊಸಬರ ಹತ್ತಿರ ಹೋಗುತ್ತೀಯ. ಆದರೆ ವಿದೇಶಿಯರನ್ನು ಇಟ್ಟುಕೊಳ್ಳುವ ಲೈಸೆನ್ಸ್ ಹೊಸಬರಿಗೂ ಬೇಕು. ಮಾಲೀಕತ್ವ ಬದಲಾದರೆ 20 ಕೆಲಸದ ದಿನಗಳೊಳಗೆ ಗೃಹ ಇಲಾಖೆಗೆ ತಿಳಿಸಬೇಕು. ಇದನ್ನು ಮರೆತ ಕಂಪೆನಿಯಲ್ಲಿ ಕೆಲಸ ಇದ್ದೂ ವೀಸಾಕ್ಕೆ ತೊಂದರೆ ಆಗಬಹುದು. ಕೆಲಸವೇ ಹೋದರೆ ವೀಸಾ ಮೊಟಕಾಗಿ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಎರಡು ವರ್ಷ ಆಗದವರಿಗೆ ಕಾನೂನಿನ ಪ್ರಕಾರ ಪರಿಹಾರದ ದುಡ್ಡೂ ಇಲ್ಲ. ನಿನಗೆ ಎರಡು ವರ್ಷ ಆಗಿಲ್ಲ. ಅದಕ್ಕೇ ಮೂರು ತಿಂಗಳ ಖರ್ಚು ಮುಟ್ಟದೆ ಬೇರೆ ಇಡು. ಊರಿನ ಸಾಲದ ಕಂತಿಗೂ ಅಷ್ಟೇ ಇಡು, ಅಪ್ಪನ ಖಾತೆಯಲ್ಲೇ ಇರಲಿ. ಅಪ್ಪನ ಹತ್ತಿರ ಮುಚ್ಚಿಡಬೇಡ. ಸುದ್ದಿ ಹೇಗೂ ಯಾರ ಬಾಯಲ್ಲೋ ಬದಿಯಡ್ಕ ಮುಟ್ಟುತ್ತದೆ, ನಿನ್ನ ಬಾಯಲ್ಲೇ ಕೇಳಿದರೆ ಅವರಿಗೆ ಸಮಾಧಾನ.

ಸೋಮವಾರ ಎಚ್‌ಆರ್‌ಗೆ ಮೇಲ್ ಹಾಕು, ಬಾಯಿ ಮಾತು ಬೇಡ. ಕೊಳ್ಳುವುದು ಷೇರನ್ನಾ, ವ್ಯವಹಾರವನ್ನಾ? ಲೈಸೆನ್ಸ್ ಯಾರ ಹೆಸರಿನಲ್ಲಿ ಇರುತ್ತದೆ, ಅರ್ಜಿ ಹಾಕಿ ಆಯಿತಾ? ನನ್ನ ವಿಭಾಗ ಇಲ್ಲೇ ಉಳಿಯುತ್ತದಾ? ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಇಲ್ಲಿ ಕೇಳುವುದು ಮಾಮೂಲು. ಉತ್ತರ ಬಂದ ಮೇಲೆ ನನಗೆ ಕಳಿಸು, ಮಾವನಿಗೆ ನಾನೇ ಫೋನ್ ಮಾಡಿ ವಿವರಿಸುತ್ತೇನೆ. ಕಂತಿನಲ್ಲಿ ಕಾರು ತೆಗೆಯಬೇಕು ಅಂತ ಬರೆದಿದ್ದೀಯಲ್ಲ, ಅದನ್ನು ಅಲ್ಲಿ ತನಕ ತಡೆ.