1.4 ಲಕ್ಷ ಕಿ.ಮೀ. ಓಡಿದ ರಾಪಿಡ್ ತಗೊಳ್ಳಬಹುದಾ?

ಉಡುಪಿಯಲ್ಲಿ ಮೊದಲ ಕಾರಾಗಿ 2013ರ ಸ್ಕೋಡಾ ರಾಪಿಡ್ 1.6 ಡೀಸೆಲ್ ಮ್ಯಾನುವಲ್, 1.4 ಲಕ್ಷ ಕಿ.ಮೀ., ಕಾಸರಗೋಡು ನೋಂದಣಿ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಕಿಲೋಮೀಟರ್ ನೋಡಿ ಹೆದರಬೇಡಿ. ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ವಾಲ್ವ್, ಪಿಸ್ಟನ್ ಹೊಂದಿಕೊಂಡು ಓಡುವಂತೆ ಮಾಡುವ ಬೆಲ್ಟ್) ಬದಲಾಯಿಸಿದ ಬಿಲ್ ಕೇಳಿ. "ಹೋದ ವರ್ಷ ಹಾಕಿಸಿದ್ದೆ" ಅನ್ನೋ ಬಾಯಿಮಾತು ಬೇಡ. ಈ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ಆಮೇಲೆ ಎಂಜಿನ್ ಬಿಚ್ಚಲೇಬೇಕು. ಬಿಲ್ ಇಲ್ಲವಾ? ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಹಾಕಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ, ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟಿಂಗ್ ತೊಂದರೆ ಗೊತ್ತಾಗೋದು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ನನಗಂತೂ ಅನುಮಾನ. ಮಣಿಪಾಲದ ಏರು ಹತ್ತುವಾಗ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ನಮ್ಮ ಕಡಲ ಗಾಳಿ, ಮಳೆ ಗೊತ್ತಲ್ವಾ? ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿಯಲ್ಲಿ ತುಕ್ಕು, ನೀರು ನೋಡಿ. ಮ್ಯಾಟ್ ಕೆಳಗಿನ ಕಾರ್ಪೆಟ್ ಒತ್ತಿ, ಒದ್ದೆ ಇದ್ದರೆ ಸುಮ್ನೆ ವಾಪಸ್ ಬನ್ನಿ. ಒದ್ದೆ ವೈರಿಂಗ್ ಸಹವಾಸ ಬೇಡ.

ಕೇರಳ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ ಕೆಎ-20 ನಂಬರ್ ಮಾಡಿಸಬೇಕು. ನೋಂದಣಿ ಅವಧಿ 15 ವರ್ಷ, ಅಂದರೆ 2028ಕ್ಕೆ ನವೀಕರಣವೂ ಇದೆ. ಇದೆಲ್ಲ ಸೇರಿಸಿದರೆ ಸ್ಥಳೀಯ ನೋಂದಣಿಯ ಗಾಡಿಯೇ ಅಗ್ಗ ಆಗಬಹುದು, ಅದನ್ನೂ ಒಂದೆರಡು ನೋಡಿ.