ಪ್ರತಿಕ್ರಿಯೆ: ಬೆಳಗಿನ ಜಾವ ಏರುವ ಪಿಎಂ 2.5 ಮಣ್ಣಿನ ಧೂಳೋ, ಹೊಗೆಯೋ?

ಬೆಳಗಿನ ಜಾವ ಮಾತ್ರ ನಿಮ್ಮ ಮನೆಯ ಗಾಳಿ ಮಾಪಕದಲ್ಲಿ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳ ಪ್ರಮಾಣ) ಏರಿ, ಬಿಸಿಲೇರಿದಂತೆ ಇಳಿಯುತ್ತಿದ್ದರೆ, ಅದು ಮಣ್ಣಿನ ಧೂಳಿಗಿಂತ ರಾತ್ರಿ ನೆಲದ ಬಳಿಯ ತಂಪು ಗಾಳಿಯಲ್ಲಿ ಸಿಕ್ಕಿಕೊಂಡ ಹೊಗೆಯಾಗಿರುವ ಸಾಧ್ಯತೆಯೇ ಹೆಚ್ಚು. ತೇವಾಂಶದ ಪಾಲೂ ಇರಬಹುದು.

ಮೊದಲು ತೇವಾಂಶವನ್ನು ಪರೀಕ್ಷಿಸಿ. ಮನೆಗಳಲ್ಲಿ ಬಳಸುವ ಲೇಸರ್ ಮಾಪಕವು ಕಣಗಳು ಚದುರಿಸುವ ಬೆಳಕನ್ನಷ್ಟೇ ಅಳೆಯುವುದರಿಂದ, ಸಲ್ಫೇಟ್ ಅಥವಾ ಸಮುದ್ರದ ಉಪ್ಪಿನ ಕಣಗಳು ನೀರು ಹೀರಿ ಉಬ್ಬಿದಾಗ ಇರುವುದಕ್ಕಿಂತ ಹೆಚ್ಚಿನ ಮಾಲಿನ್ಯವನ್ನು ತೋರಿಸುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 80 ಮೀರಿದ ಗಂಟೆಗಳನ್ನು ಬಿಟ್ಟು ಅಂಕಿಗಳನ್ನು ಮತ್ತೆ ನೋಡಿ.

ಏರಿಕೆ ಉಳಿದರೆ ಪಿಎಂ 2.5 ಅನ್ನು ಪಿಎಂ 10ರಿಂದ (10 ಮೈಕ್ರೋಮೀಟರ್‌ವರೆಗಿನ ಎಲ್ಲ ಕಣಗಳ ಪ್ರಮಾಣದಿಂದ) ಭಾಗಿಸಿ. ಉರಿಯಿಂದ ಹುಟ್ಟುವ ಕಣಗಳು ಬಹುಪಾಲು 1 ಮೈಕ್ರೋಮೀಟರಿಗಿಂತ ಚಿಕ್ಕವಾದ್ದರಿಂದ ಭಾಗಲಬ್ಧ 1ರತ್ತ ಸರಿಯುತ್ತದೆ. ಗಾಳಿ ಎಬ್ಬಿಸಿದ ಮಣ್ಣು ಹೆಚ್ಚಿದ್ದಾಗ ಅದು 0.5ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಅಗ್ಗದ ಮಾಪಕಗಳು ದಪ್ಪ ಕಣಗಳನ್ನು ಸರಿಯಾಗಿ ಎಣಿಸುವುದಿಲ್ಲ, ಆದ್ದರಿಂದ ಈ ಲೆಕ್ಕಕ್ಕೆ ಹತ್ತಿರದ ಅಧಿಕೃತ ವಾಯು ಗುಣಮಟ್ಟ ಮಾಪನ ಕೇಂದ್ರದ ಅಂಕಿಗಳನ್ನೇ ಬಳಸಿ.

ಹೊಗೆ ಕಾಡ್ಗಿಚ್ಚಿನದೋ, ವಾಹನಗಳದೋ, ಒಲೆಗಳದೋ ಎಂಬುದನ್ನು ಈ ಅನುಪಾತ ಖಚಿತವಾಗಿ ಹೇಳಲಾರದು. ಅದಕ್ಕಾಗಿ ಗಾಳಿಯ ದಿಕ್ಕನ್ನು ಗಂಟೆವಾರು ಗುರುತಿಸಿಕೊಳ್ಳಿ. ಒಂದೇ ದಿಕ್ಕಿನ ಗಾಳಿಯಲ್ಲಿ ಅಂಕಿ ಏರುತ್ತಿದ್ದರೆ ಮೂಲವನ್ನು ಆ ಕಡೆಯೇ ಹುಡುಕಿ.