ಹಿಟ್ ಆಗದ ಹಾಡು ಕೇಳಿದಾಗಲೇ ಹಾಸನದ ಕಾಲೇಜು ದಿನಗಳು ಯಾಕೆ ಜಾಸ್ತಿ ನೆನಪಾಗುತ್ತವೆ?

ಆ ಹಾಡನ್ನು ನೀವು ಆಮೇಲೆ ಹೆಚ್ಚಾಗಿ ಕೇಳಿಲ್ಲ, ಅದಕ್ಕೇ. ಹಿಟ್ ಹಾಡು ಮದುವೆ ಮನೆ, ಗಣೇಶನ ಪೆಂಡಾಲು, ಆಟೋ, ರಿಂಗ್‌ಟೋನ್ ಅಂತ ಎಲ್ಲ ಕಡೆ ಬರುತ್ತದೆ. ಕೇಳಿದಾಗೆಲ್ಲ ಹೊಸ ನೆನಪೊಂದು ಅಂಟಿಕೊಳ್ಳುತ್ತದೆ. ಹೀಗೆ ರಾಶಿ ಬಿದ್ದ ಮೇಲೆ ಯಾವ ನೆನಪೂ ಸರಿಯಾಗಿ ಮೇಲೆ ಬರುವುದಿಲ್ಲ. ಓಡದ ಹಾಡಿಗೆ ಅಂಟಿರುವುದು ಒಂದೋ ಎರಡೋ ನೆನಪು. ಹಾಗಾಗಿ ಅದು ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ.

ನಾನು ಹಾಸನದಿಂದ ಚಿಕ್ಕಮಗಳೂರಿಗೆ ಓಡಾಡುತ್ತಿದ್ದ ಬಸ್ಸಿನಲ್ಲಿ ಒಂದು ಕ್ಯಾಸೆಟ್ ಇತ್ತು. ಎ ಸೈಡಿನಲ್ಲಿ ಚೆನ್ನಾಗಿ ಓಡಿದ ಸಿನಿಮಾ, ಬಿ ಸೈಡಿನಲ್ಲಿ ಯಾರೂ ನೋಡದ ಸಿನಿಮಾ. ಆಗ ಹೀಗೆ ಜೋಡಿಸಿ ಮಾರುತ್ತಿದ್ದರು. ಬೇಲೂರು ಹತ್ತಿರ ಬರುವಾಗ ಡ್ರೈವರ್ ಸೈಡ್ ತಿರುಗಿಸುತ್ತಿದ್ದ. ಟೇಪು ಸವೆದು ಮೂರನೇ ಹಾಡಿನ ಚರಣದಲ್ಲಿ ಗಾಯಕಿಯ ದನಿ ಎಳೆದಂತಾಗುತ್ತಿತ್ತು. ಈಗ ಅದೇ ಹಾಡು ಯೂಟ್ಯೂಬಿನಲ್ಲಿ ನೀಟಾಗಿ ಸಿಗುತ್ತದೆ. ಆದರೂ ಆ ಜಾಗ ಬಂದಾಗ ದನಿ ಎಳೆಯಲಿ ಅಂತ ಕಾಯುತ್ತೇನೆ! ಹಾಡೇನೂ ಅಷ್ಟು ಚೆನ್ನಾಗಿಲ್ಲ, ಸುಮ್ನೆ ಹೊಗಳುವುದು ಬೇಡ.

ವಯಸ್ಸಿನ ಪಾತ್ರವೂ ಇದೆ. ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳೇ ಜನರಿಗೆ ಜಾಸ್ತಿ ಉಳಿಯುತ್ತವೆ ಅಂತ ಮನಃಶಾಸ್ತ್ರಜ್ಞರು ಹೇಳುತ್ತಾರೆ. ಕಾಲೇಜು ಅದರ ನಡುವೆಯೇ ಬರುತ್ತದೆ, ಅಲ್ವಾ? ಜೊತೆಗೆ, ಆಗ ಬೇಡದ ಹಾಡನ್ನು ಥಟ್ಟನೆ ದಾಟಿಸುವಂತಿರಲಿಲ್ಲ. ಬಸ್ಸಿನಲ್ಲಂತೂ ಡ್ರೈವರ್ ಹಾಕಿದ್ದೇ ಹಾಡು.